ಸಾಸ್ವೆಹಳ್ಳಿಯ ಚೀಲ, ಪಣಂಬೂರಿನ ಹಡಗು

ಸಾಸ್ವೆಹಳ್ಳಿ ಹೊನ್ನಾಳಿ ತಾಲ್ಲೂಕಿನ ಹೋಬಳಿ ಕೇಂದ್ರ. ನಕಾಶೆಯ ಮೇಲೆ ಅಲ್ಲಿಂದ ಪಡುವಣಕ್ಕೆ ನೇರ ಗೆರೆ ಎಳೆದರೆ ನೂರಿಪ್ಪತ್ತು ಕಿಲೋಮೀಟರಿನ ಆಚೀಚೆಗೆ ಅರಬ್ಬಿ ಸಮುದ್ರ ಸಿಗುತ್ತದೆ. ಹೊರೆ ತುಂಬಿದ ದೊಡ್ಡ ಲಾರಿಗೆ ಆ ಗೆರೆಯಿಂದ ಪ್ರಯೋಜನವಿಲ್ಲ. ಆಗುಂಬೆ ಘಾಟಿಯ ತಿರುವುಗಳಲ್ಲಿ ಭಾರಿ ವಾಹನಗಳಿಗೆ ಪ್ರವೇಶವಿಲ್ಲ. ಹುಲಿಕಲ್ ಬಳಿಯ ಬಾಳೆಬರೆ ಘಾಟಿಯನ್ನು ಮಳೆಗಾಲದಲ್ಲಿ ನಂಬುವಂತಿಲ್ಲ. ಶಿವಮೊಗ್ಗ, ಕಡೂರು, ಹಾಸನ ಸುತ್ತಿಕೊಂಡು ಶಿರಾಡಿಯಲ್ಲಿ ಇಳಿದು ಮಂಗಳೂರಿನ ಪಣಂಬೂರು ಸೇರುವಷ್ಟರಲ್ಲಿ ದಾರಿ ಹೆಚ್ಚುಕಡಿಮೆ ಮೂರು ಪಟ್ಟಾಗಿರುತ್ತದೆ. ಹಡಗು ಸಾಗಾಣಿಕೆಯ ತಂತ್ರಜ್ಞಾನದ ಮಾತು ಬಂದಾಗ ಎಲ್ಲರ ಕಣ್ಣು ಬಂದರಿನ ಕ್ರೇನುಗಳ ಮೇಲಿರುತ್ತದೆ. ಬೆಳೆಯುತ್ತಿರುವ ದೇಶಗಳ ವ್ಯಾಪಾರಕ್ಕೆ ಯಾವ ಹಡಗು ಹೊಂದುತ್ತದೆ ಎಂಬ ಪ್ರಶ್ನೆಗೆ ಅರ್ಧ ಉತ್ತರ ಸಿಗುವುದು ಮಾತ್ರ ಘಟ್ಟದ ಮೇಲಿನ ಇಂಥ ಊರುಗಳ ಕಣದಲ್ಲಿ.

ಈ ಸೀಮೆಯಿಂದ ಹೊರಹೋಗುವ ಸರಕಿನಲ್ಲಿ ಎರಡು ಮುಖ್ಯ: ಅಡಿಕೆ ಮತ್ತು ಮೆಕ್ಕೆಜೋಳ. ಚನ್ನಗಿರಿಯ ತುಮ್ಕೋಸ್, ಶಿವಮೊಗ್ಗದ ಮ್ಯಾಮ್ಕೋಸ್ ಮಂಡಿಗಳಲ್ಲಿ ಹರಾಜಾಗುವ ರಾಶಿ ಅಡಿಕೆ ಗೋಣಿಚೀಲದಲ್ಲಿ ಲಾರಿ ಹತ್ತಿ ಉತ್ತರ ಭಾರತದ ಗುಟ್ಕಾ, ಪಾನ್ ಮಸಾಲಾ ಕಾರ್ಖಾನೆಗಳ ಕಡೆಗೆ ಹೋಗುತ್ತದೆ. ಅದರ ಬಹುಪಾಲು ಸಮುದ್ರವನ್ನು ಕಾಣುವುದೇ ಇಲ್ಲ. ನ್ಯಾಮತಿ, ಹೊನ್ನಾಳಿ, ಚನ್ನಗಿರಿಯ ಖುಷ್ಕಿ ಹೊಲಗಳಲ್ಲೂ ಜಗಳೂರಿನ ಬಯಲಿನಲ್ಲೂ ಬೆಳೆಯುವ ಮೆಕ್ಕೆಜೋಳ ಕೋಳಿ ಆಹಾರಕ್ಕೆ, ಪಿಷ್ಟದ ಕಾರ್ಖಾನೆಗೆ, ಈಚೆಗೆ ಎಥನಾಲ್ ಘಟಕಗಳಿಗೆ ಹೋಗುತ್ತದೆ. ದರ ಕೂಡಿಬಂದ ವರ್ಷಗಳಲ್ಲಿ ಭಾರತದ ಮೆಕ್ಕೆಜೋಳ ಹಡಗು ಹತ್ತಿ ಆಗ್ನೇಯ ಏಷ್ಯಾಕ್ಕೂ ಹೋಗಿದೆ.

ಎರಡರ ಲೆಕ್ಕವನ್ನು ಪಕ್ಕಪಕ್ಕ ಇಟ್ಟು ನೋಡಬೇಕು. 2025-26ರ ಹಂಗಾಮಿಗೆ ಮೆಕ್ಕೆಜೋಳದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ. 25 ಟನ್ನಿನ ಒಂದು ಲೋಡಿನ ಬೆಲೆ 6 ಲಕ್ಷ. ರಾಶಿ ಅಡಿಕೆಗೆ ಕ್ವಿಂಟಲ್‌ಗೆ 50 ಸಾವಿರ ಹಿಡಿದರೆ ಅಷ್ಟೇ ತೂಕಕ್ಕೆ ಒಂದೂಕಾಲು ಕೋಟಿ. ಸಾಗಾಣಿಕೆಗೆ ಟನ್ನಿಗೆ 2 ಸಾವಿರ ಬಾಡಿಗೆ ಎಂದು ಇಟ್ಟುಕೊಳ್ಳೋಣ. ಎರಡಕ್ಕೂ 50 ಸಾವಿರವೇ ಆಗುತ್ತದೆ. ಅಡಿಕೆಯಲ್ಲಿ ಅದು ಬೆಲೆಯ ನೂರಕ್ಕೆ ಅರ್ಧವೂ ಅಲ್ಲ, ಮೆಕ್ಕೆಜೋಳದಲ್ಲಿ ನೂರಕ್ಕೆ ಎಂಟು ದಾಟುತ್ತದೆ. ಅಡಿಕೆ ಯಾವ ವಾಹನದಲ್ಲಿ ಹೋದರೂ ಬೆಳೆಗಾರ ಬದುಕುತ್ತಾನೆ. ಮೆಕ್ಕೆಜೋಳದಲ್ಲಿ ವಾಹನದ ಆಯ್ಕೆಯೇ ಬೆಳೆಯ ಲಾಭ. ಆಫ್ರಿಕಾ, ಏಷ್ಯಾ, ಲ್ಯಾಟಿನ್ ಅಮೆರಿಕದ ಅನೇಕ ದೇಶಗಳು ಹೊರಗೆ ಕಳುಹಿಸುವುದು ಈ ಎರಡನೆಯ ಜಾತಿಯ ಸರಕನ್ನೇ: ಅದಿರು, ಧಾನ್ಯ, ಮರ, ಸಕ್ಕರೆ. ತೂಕ ಹೆಚ್ಚು, ಬೆಲೆ ಕಡಿಮೆ.

ಸಾಗಾಣಿಕೆಯ ವಿದ್ಯೆ ಈ ನೆಲಕ್ಕೆ ಹೊಸದಲ್ಲ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಅವರು 1739ರ ಫೆಬ್ರವರಿ 15ರಂದು ಹುಟ್ಟಿದರೆಂದು ಪರಂಪರೆ. ಪ್ರತಿ ವರ್ಷ ಆ ಹೊತ್ತಿಗೆ ದೇಶದ ಮೂಲೆಮೂಲೆಯಿಂದ ಲಂಬಾಣಿಗರು ಇಲ್ಲಿಗೆ ಬರುತ್ತಾರೆ. ಜಾತ್ರೆಯ ಗದ್ದಲದಲ್ಲಿ ಮರೆಯಾಗುವ ಸಂಗತಿಯೊಂದಿದೆ: ಈ ಸಮುದಾಯ ರೈಲು ಬರುವವರೆಗೆ ದಖ್ಖನ್ನಿನ ಸರಕು ಸಾಗಾಣಿಕೆಯ ಬೆನ್ನೆಲುಬಾಗಿತ್ತು. ನೂರಾರು, ಕೆಲವೊಮ್ಮೆ ಸಾವಿರಾರು ಹೇರೆತ್ತುಗಳ ತಾಂಡಾ ಧಾನ್ಯ ಹೊತ್ತು ಸಾಗುತ್ತಿತ್ತು, ಕರಾವಳಿಯ ಕಡೆಯಿಂದ ಉಪ್ಪು ತರುತ್ತಿತ್ತು. ಟಿಪ್ಪುವಿನ ವಿರುದ್ಧ, ಆಮೇಲೆ ಮರಾಠರ ವಿರುದ್ಧ ನಡೆದ ಯುದ್ಧಗಳಲ್ಲಿ ಬ್ರಿಟಿಷ್ ದಂಡನಾಯಕ ಆರ್ಥರ್ ವೆಲ್ಲೆಸ್ಲಿಯ ಸೈನ್ಯದ ಹೊಟ್ಟೆ ತುಂಬಿದ್ದೂ ಇಂಥ ತಾಂಡಾಗಳಿಂದಲೇ.

ಒಂದು ಎತ್ತು ಹೊರುವುದು ಒಂದು ಕ್ವಿಂಟಲ್‌ನ ಆಸುಪಾಸು. ಈಗಿನ ಒಂದು ಲಾರಿ ಲೋಡಿಗೆ 250 ಎತ್ತು ಬೇಕು. ನಿಧಾನ, ಆದರೆ ರಸ್ತೆ ಬೇಡ, ಸೇತುವೆ ಬೇಡ. ದಾರಿಯುದ್ದಕ್ಕೂ ಸಿಗುವ ಹುಲ್ಲೇ ಇಂಧನ. ಇದಕ್ಕಿಂತ ಮುಖ್ಯವಾದ ಗುಣಗಳು ಇನ್ನೆರಡು. ಎತ್ತಿನ ಬೆನ್ನಿಗೆ ಇಂಥದೇ ಸರಕು ಬೇಕೆಂಬ ಹಟವಿರಲಿಲ್ಲ. ರಾಗಿಯಾದರೂ ಸರಿ, ಉಪ್ಪಾದರೂ ಸರಿ. ಬರಿಬೆನ್ನಿನಲ್ಲಿ ಮರಳುವ ಪ್ರಮೇಯವೂ ಕಡಿಮೆಯಿತ್ತು. ಯಾವ ಹೊರೆಗೂ ಒಗ್ಗುವುದು, ಬರುವಾಗಲೂ ಹೊರೆ ಸಿಗುವುದು: ಆಮೇಲೆ ಬಂದ ಪ್ರತಿ ಸಾಗಾಣಿಕೆ ತಂತ್ರವನ್ನೂ ಈ ಎರಡು ಒರೆಗಲ್ಲುಗಳಿಗೆ ತಿಕ್ಕಿ ನೋಡಬಹುದು.

ದಾವಣಗೆರೆ ಪೇಟೆ ಬೆಳೆದದ್ದೂ ಈ ಎತ್ತುಗಳ ಗೊರಸಿನ ದಾರಿಯಲ್ಲಿ. ಹೈದರಾಲಿ ಈ ಊರನ್ನು ಅಪ್ಪಾಜಿರಾಮ್ ಎಂಬ ಮರಾಠ ಸರದಾರನಿಗೆ ಜಹಗೀರಾಗಿ ಕೊಟ್ಟ. ಅವನು ವ್ಯಾಪಾರಿಗಳನ್ನು ಕರೆತಂದು ನೆಲೆಗೊಳಿಸಿದ. ಮಲೆನಾಡಿನ ಅಡಿಕೆ, ಮೆಣಸು ಇಲ್ಲಿಗೆ ಬಂದು ಈಗಿನ ತಮಿಳುನಾಡಿನ ವಾಲಾಜಾಪೇಟೆಯವರೆಗೆ ಹೋಗುತ್ತಿತ್ತು. ಅತ್ತ ಘಟ್ಟದ ಕೆಳಗೆ ಬಸರೂರು, ಹೊನ್ನಾವರ, ಮಂಗಳೂರುಗಳಿಂದ ಗೋವೆಯ ಪೋರ್ಚುಗೀಸರಿಗೆ ಅಕ್ಕಿ ಹೋಗುತ್ತಿತ್ತು. ಕರಾವಳಿಯವರು ಅಕ್ಕಿಯನ್ನು ಬೈಹುಲ್ಲಿನಲ್ಲಿ ಬಿಗಿದು ಗುಂಡಗೆ ಮುಡಿ ಕಟ್ಟುತ್ತಿದ್ದರು. ಒಂದು ಮುಡಿಗೆ ಮೂರು ಕಳಸಿಗೆ, ಅಂದರೆ 42 ಸೇರು. ಹುಳು ಹಿಡಿಯದಂತೆ ಕಾಯುವುದು, ತೂಕಕ್ಕೆ ಲೆಕ್ಕವಾಗುವುದು, ಒಬ್ಬ ಆಳು ಹೊತ್ತು ದೋಣಿಗೆ ಹಾಕಲು ಬರುವುದು, ಈ ಮೂರನ್ನೂ ಒಂದೇ ಕಟ್ಟು ಮಾಡುತ್ತಿತ್ತು. ಸರಕಿಗೆ ಒಂದು ಪ್ರಮಾಣಿತ ಆಕಾರ ಕೊಟ್ಟರೆ ಸಾಗಾಣಿಕೆ ಸಲೀಸು ಎಂಬ ತಿಳಿವು ಹಡಗು ಕಂಪನಿಗಳಿಗಿಂತ ಮೊದಲೇ ತುಳುನಾಡಿನ ಅಂಗಳದಲ್ಲಿತ್ತು.

ಸಾಸ್ವೆಹಳ್ಳಿಯ ಹತ್ತಿರವೇ ಹರಿಯುವ ತುಂಗಭದ್ರೆ ಸಾಗಾಣಿಕೆಗೆ ಒದಗಲಿಲ್ಲವೇಕೆ ಎಂದು ಕೇಳಬಹುದು. ಹೊಳೆ ಕಡಲಿಗೆ ಬೆನ್ನು ತಿರುಗಿಸಿ ಮೂಡಣಕ್ಕೆ ಹರಿಯುತ್ತದೆ. ಬೇಸಿಗೆಯಲ್ಲಿ ಬಂಡೆ ಕಾಣುತ್ತದೆ, ಮಳೆಗಾಲದಲ್ಲಿ ಸೆಳೆತ. ಸೇತುವೆ ಬರುವ ಮೊದಲು ಹರಿಗೋಲು ದಡದಿಂದ ದಡಕ್ಕೆ ದಾಟಿಸುತ್ತಿತ್ತೇ ಹೊರತು ಹೊಳೆಯುದ್ದಕ್ಕೂ ಸರಕು ಒಯ್ಯುತ್ತಿರಲಿಲ್ಲ. ಆದರೂ ಇದೇ ಹೊಳೆಯ ಕೆಳದಂಡೆಯಲ್ಲಿ ಒಂದು ದೊಡ್ಡ ಪ್ರಯೋಗ ನಡೆಯಿತು. ಭಾರತಕ್ಕೆ ರೈಲಿಗಿಂತ ಕಾಲುವೆಯೇ ಅಗ್ಗದ ಸಾಗಾಣಿಕೆ ಎಂದು ಜೀವಮಾನವಿಡೀ ವಾದಿಸಿದ ಎಂಜಿನಿಯರ್ ಆರ್ಥರ್ ಕಾಟನ್. ಅವನ ವಿಚಾರದ ಬೆನ್ನಿಗೆ ಹುಟ್ಟಿದ ಖಾಸಗಿ ಕಂಪನಿಯೊಂದು 1860ರ ದಶಕದಲ್ಲಿ ಸುಂಕೇಸುಲದಿಂದ ಕಡಪದವರೆಗೆ ಸುಮಾರು 300 ಕಿಲೋಮೀಟರ್ ಉದ್ದದ ಕರ್ನೂಲು-ಕಡಪ ಕಾಲುವೆ ತೋಡಿತು. ನೀರೂ ಹರಿಯಬೇಕು, ದೋಣಿಯೂ ಸಾಗಬೇಕು ಎಂಬ ಲೆಕ್ಕ. ಎರಡೂ ನಿರೀಕ್ಷೆಯಂತೆ ಆಗಲಿಲ್ಲ. ದೋಣಿಗೆ ಕಾಲುವೆ ತುಂಬಿ ನಿಂತಿರಬೇಕು, ಹೊಲಕ್ಕೆ ಅದು ಖಾಲಿಯಾಗಬೇಕು. ಕಂಪನಿ ನಷ್ಟದಲ್ಲಿ ಮುಳುಗಿತು, 1882ರಲ್ಲಿ ಸರ್ಕಾರ ಕಾಲುವೆಯನ್ನು ಕೊಂಡುಕೊಂಡಿತು. ಕಾಟನ್‌ನ ಅಂಕಿಗಳು ತಪ್ಪಾಗಿರಲಿಲ್ಲ. ನೀರಿನ ಮೇಲೆ ಟನ್ನಿಗೆ ತಗಲುವ ವೆಚ್ಚ ಇಂದಿಗೂ ಎಲ್ಲಕ್ಕಿಂತ ಕಡಿಮೆ. ಗೋದಾವರಿ ಮುಖಜ ಭೂಮಿಯಲ್ಲಿ ಗೆದ್ದದ್ದನ್ನು ಬಂಡೆಗಾಡಿಗೆ ಹಾಗೆಯೇ ಎತ್ತಿ ತಂದದ್ದು ಎಡವಟ್ಟಾಯಿತು. ಬೇರೆಡೆ ಗೆದ್ದ ತಂತ್ರವನ್ನು ನೆಲ ನೋಡದೆ ನೆಡುವ ಚಾಳಿ ಕಾಟನ್‌ನೊಂದಿಗೆ ಮುಗಿದದ್ದೂ ಅಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಗೆ ಮೀಟರ್ ಗೇಜ್ ರೈಲು ಹರಿಹರ, ದಾವಣಗೆರೆಗಳನ್ನು ತಲುಪಿತು. 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೂ ಕವಲು ಬಂತು. ಹೇರೆತ್ತಿನ ಕಾಲ ಮುಗಿಯಿತು. ಹೊನ್ನಾಳಿ, ನ್ಯಾಮತಿ, ಚನ್ನಗಿರಿ ಹಳಿಯಿಂದ ದೂರವೇ ಉಳಿದವು, ಇಂದಿಗೂ ಉಳಿದಿವೆ. ರೈಲು ತಂದ ಇನ್ನೊಂದು ತೊಡಕು ಗೇಜಿನದು. ಮದರಾಸಿನಿಂದ ಬೆಂಗಳೂರಿಗೆ ಅಗಲ ಹಳಿ, ಬೆಂಗಳೂರಿನಿಂದ ಹರಿಹರದ ಕಡೆಗೆ ಕಿರಿದಾದ ಹಳಿ. ದಾವಣಗೆರೆಯ ಸರಕು ಮದರಾಸು ಬಂದರು ಸೇರಬೇಕಾದರೆ ಬೆಂಗಳೂರಿನಲ್ಲಿ ಒಂದು ವ್ಯಾಗನ್ನಿನಿಂದ ಇಳಿದು ಇನ್ನೊಂದಕ್ಕೆ ಏರಬೇಕಿತ್ತು. ಈ ಇಳಿಸಿ ಏರಿಸುವ ಕೆಲಸವೇ ಸಾಗಾಣಿಕೆಯಲ್ಲಿ ದುಡ್ಡು ಸೋರುವ ಜಾಗ. ಕಣದಿಂದ ಟ್ರ್ಯಾಕ್ಟರಿಗೆ, ಟ್ರ್ಯಾಕ್ಟರಿನಿಂದ ಎಪಿಎಂಸಿ ಪ್ರಾಂಗಣಕ್ಕೆ, ಅಲ್ಲಿಂದ ಲಾರಿಗೆ, ಲಾರಿಯಿಂದ ಗೋದಾಮಿಗೆ, ಗೋದಾಮಿನಿಂದ ಧಕ್ಕೆಗೆ, ಧಕ್ಕೆಯಿಂದ ಹಡಗಿನ ಒಡಲಿಗೆ. ಪ್ರತಿ ಮೆಟ್ಟಿಲಿಗೂ ಹಮಾಲಿ, ತೂಕ, ಕೊಕ್ಕೆ ಬಿದ್ದು ಸೋರುವ ಕಾಳು, ಮಳೆಗೆ ನೆನೆಯುವ ಚೀಲ, ಕಾಯುವ ದಿನ.

ಬಂದರಿನ ಕಡೆಯ ಕಥೆಯೂ ಹಾಗೇ. ಮಂಗಳೂರಿನ ಹಳೆಯ ಬಂದರು ಗುರುಪುರ ಮತ್ತು ನೇತ್ರಾವತಿ ಹೊಳೆಗಳು ಕೂಡುವ ಅಳಿವೆಯ ಒಳಗಿದೆ. ಅಳಿವೆ ಬಾಗಿಲಲ್ಲಿ ಮರಳು ದಿಬ್ಬ ಕಟ್ಟುವುದರಿಂದ ದೊಡ್ಡ ಹಡಗು ಒಳಬರುವಂತಿಲ್ಲ. ಹಡಗು ಹೊರಗೆ ಆಳ ನೀರಿನಲ್ಲಿ ಲಂಗರು ಹಾಕಿ ನಿಲ್ಲುತ್ತಿತ್ತು, ಸಣ್ಣ ದೋಣಿಗಳು ಸರಕು ಒಯ್ದು ಮುಟ್ಟಿಸುತ್ತಿದ್ದವು. ಬಾಸೆಲ್ ಮಿಷನ್ 1865ರಲ್ಲಿ ಜೆಪ್ಪುವಿನಲ್ಲಿ ಆರಂಭಿಸಿದ ಕಾರ್ಖಾನೆಯಿಂದ ಹೆಸರಾದ ಮಂಗಳೂರು ಹಂಚು ಹೀಗೆ ಮುಂಬಯಿಗೂ ಕಡಲಾಚೆಯ ಊರುಗಳಿಗೂ ಹೋಯಿತು. ಜೂನ್ ಬಂತೆಂದರೆ ಎಲ್ಲ ನಿಂತುಹೋಗುತ್ತಿತ್ತು.

ಇದಕ್ಕೆ ಪರಿಹಾರವಾಗಿ ಪಣಂಬೂರಿನಲ್ಲಿ ನೆಲ ಅಗೆದು, ಹೂಳು ತೆಗೆದು ಒಳಗಡಲನ್ನೇ ನಿರ್ಮಿಸಲಾಯಿತು. ನವಮಂಗಳೂರು ಬಂದರನ್ನು 1974ರ ಮೇ 4ರಂದು ದೇಶದ ಒಂಬತ್ತನೆಯ ಪ್ರಮುಖ ಬಂದರೆಂದು ಘೋಷಿಸಿದರು. 1975ರ ಜನವರಿಯಲ್ಲಿ ಇಂದಿರಾ ಗಾಂಧಿ ಉದ್ಘಾಟಿಸಿದರು. ಬಂದರಿಗೆಂದೇ ಹಾಸನದಿಂದ ಮೀಟರ್ ಗೇಜ್ ಹಳಿ 1979ರಲ್ಲಿ ಬಂತು. ಸಕಲೇಶಪುರದಿಂದ ಸುಬ್ರಹ್ಮಣ್ಯದವರೆಗಿನ 55 ಕಿಲೋಮೀಟರಿನಲ್ಲಿ 57 ಸುರಂಗ. 50 ಅಡಿಗೆ ಒಂದು ಅಡಿ ಇಳಿಜಾರು. ಅಗಲ ಹಳಿಯಾಗಿ ಗೂಡ್ಸ್ ಗಾಡಿ ಮತ್ತೆ ಓಡಿದ್ದು 2006ರಲ್ಲಿ. ಅಷ್ಟರಲ್ಲಿ ಒಂದು ತಲೆಮಾರು ಕಳೆದಿತ್ತು.

ಬಂದರಿನ ಮೊದಲ ದಶಕಗಳ ದೊಡ್ಡ ಗಿರಾಕಿ ಕುದುರೆಮುಖದ ಅದಿರು. ಇರಾನಿನ ಷಾ ಸರ್ಕಾರದ ಸಾಲದ ಬಲದಿಂದ, ಅಲ್ಲಿಯ ಉಕ್ಕಿನ ಕಾರ್ಖಾನೆಗೇ ಅದಿರು ಕಳುಹಿಸುವ ಒಪ್ಪಂದದ ಮೇಲೆ 1976ರಲ್ಲಿ ಕಂಪನಿ ಸ್ಥಾಪನೆಯಾಯಿತು. ಅದಿರನ್ನು ನುಣ್ಣಗೆ ಪುಡಿಮಾಡಿ, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದಿಂದ ಪಣಂಬೂರಿಗೆ ಇಳಿಸುವ ವ್ಯವಸ್ಥೆ. ಲಾರಿ ಬೇಡ, ಹಮಾಲಿ ಬೇಡ, ಗುರುತ್ವವೇ ಹೆಚ್ಚಿನ ಕೆಲಸ ಮಾಡುತ್ತದೆ. ಎಂಜಿನಿಯರಿಂಗ್ ದೃಷ್ಟಿಯಿಂದ ಇದಕ್ಕಿಂತ ಚೆಂದದ ಸಾಗಾಣಿಕೆ ಕರ್ನಾಟಕದಲ್ಲಿ ಇನ್ನೊಂದಿರಲಿಲ್ಲ. ಆದರೆ 1979ರಲ್ಲಿ ಇರಾನಿನಲ್ಲಿ ಕ್ರಾಂತಿಯಾಗಿ ಕೊಳ್ಳುವವನೇ ಮಾಯವಾದ. ಬೇರೆ ಗಿರಾಕಿಗಳನ್ನು ಹುಡುಕಬೇಕಾಯಿತು, 1987ರಲ್ಲಿ ಉಂಡೆ ಕಟ್ಟುವ ಕಾರ್ಖಾನೆಯನ್ನೂ ಹಾಕಲಾಯಿತು. ಸುಪ್ರೀಂ ಕೋರ್ಟಿನ ತೀರ್ಪಿನಂತೆ 2005ರ ಕೊನೆಗೆ ಗಣಿಯೇ ಮುಚ್ಚಿತು. ಕೊಳವೆಯಲ್ಲಿ ಬೇರೆ ಏನನ್ನೂ ಕಳುಹಿಸುವಂತಿರಲಿಲ್ಲ, ಮೇಲಕ್ಕೆ ತರುವಂತಂತೂ ಇರಲಿಲ್ಲ. ಆಮೇಲೆ ಪಣಂಬೂರಿನ ಕಾರ್ಖಾನೆಗೆ ಛತ್ತೀಸ್‌ಗಢದ ಬೈಲಾಡಿಲದ ಅದಿರು ವಿಶಾಖಪಟ್ಟಣದಿಂದ ಹಡಗಿನಲ್ಲಿ ಬಂತು. ಅದಿರು ಕಳುಹಿಸಲು ಸಜ್ಜಾದ ಬಂದರೇ ಅದಿರು ಇಳಿಸಿಕೊಳ್ಳುವಂತಾಯಿತು. ಒಂದೇ ಸರಕಿಗೆ ಕಟ್ಟಿದ ವ್ಯವಸ್ಥೆ ಓಡುವಷ್ಟು ದಿನ ಅತಿ ಅಗ್ಗ. ನಿಂತ ದಿನ ಅದರ ಬೆಲೆ ಗುಜರಿಯದು. ಗಿನಿಯ ಬಾಕ್ಸೈಟಿಗೋ ಜಾಂಬಿಯಾದ ತಾಮ್ರಕ್ಕೋ ಹಳಿ, ಬಂದರು ಕಟ್ಟಲು ಸಾಲ ಕೊಡುವವರು ಈ ಎರಡನೆಯ ಅರ್ಧವನ್ನು ವರದಿಯಲ್ಲಿ ಬರೆಯುವುದು ಕಡಿಮೆ.

ಕಂಟೇನರ್ ಇದಕ್ಕೆ ತದ್ವಿರುದ್ಧ. ಅಮೆರಿಕದ ಲಾರಿ ಮಾಲೀಕ ಮಾಲ್ಕಂ ಮೆಕ್ಲೀನ್ 1956ರ ಏಪ್ರಿಲ್ 26ರಂದು ‘ಐಡಿಯಲ್ ಎಕ್ಸ್’ ಎಂಬ ಹಳೆಯ ಟ್ಯಾಂಕರ್ ಹಡಗಿನ ಮೇಲೆ 58 ಪೆಟ್ಟಿಗೆ ಇಟ್ಟು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಕಳುಹಿಸಿದ. ಬಿಡಿ ಸರಕು ತುಂಬಲು ಟನ್ನಿಗೆ 5.86 ಡಾಲರ್ ತಗಲುತ್ತಿದ್ದ ಕಾಲದಲ್ಲಿ ಪೆಟ್ಟಿಗೆಯಲ್ಲಿ ಅದು 16 ಸೆಂಟ್‌ಗೆ ಇಳಿಯಿತು. ಹಡಗು ವೇಗವಾಗಿ ಓಡಿದ್ದರಿಂದ ಅಲ್ಲ. ಬಂದರಿನಲ್ಲಿ ಕಾಯುವುದು ತಪ್ಪಿದ್ದರಿಂದ. ಅಳತೆಗಳು 1960ರ ದಶಕದ ಕೊನೆಗೆ ಜಗತ್ತಿಗೆಲ್ಲ ಒಂದೇ ಆದವು. ಭಾರತಕ್ಕೆ ಮೊದಲ ಕಂಟೇನರ್ ಹಡಗು ‘ಪ್ರೆಸಿಡೆಂಟ್ ಟೈಲರ್’ 1973ರಲ್ಲಿ ಕೊಚ್ಚಿಗೆ ಬಂತು.

ಆಗ ಬೆಳೆಯುತ್ತಿರುವ ದೇಶಗಳಲ್ಲಿ ನಡೆದ ವಾದ ಇಂದಿಗೂ ಓದಿಸಿಕೊಳ್ಳುವಂಥದ್ದು. ನಮ್ಮಲ್ಲಿ ಬಂಡವಾಳ ಕಡಿಮೆ, ಕೈಗಳು ಹೆಚ್ಚು. ಸಾವಿರ ಹಮಾಲಿಗಳ ಅನ್ನ ಕಸಿಯುವ ಕ್ರೇನಿಗೆ ವಿದೇಶಿ ವಿನಿಮಯ ಸುರಿಯುವುದು ಏಕೆ ಎಂಬುದು ಒಂದು ಪಕ್ಷ. ಹಡಗು ಬಂದರಿನಲ್ಲಿ ನಿಲ್ಲುವ ಪ್ರತಿ ದಿನದ ಬಾಡಿಗೆ ಕೊನೆಗೆ ನಮ್ಮ ಸರಕಿನ ಮೇಲೆಯೇ ಬೀಳುತ್ತದೆ ಎಂಬುದು ಇನ್ನೊಂದು. ಎರಡನೆಯದು ಗೆದ್ದಿತು, ಗೆಲ್ಲಲೇಬೇಕಿತ್ತು. ಶ್ರೀಮಂತ ದೇಶಗಳ ಹಡಗುಗಳೆಲ್ಲ ಪೆಟ್ಟಿಗೆಯ ಹಡಗುಗಳಾದ ಮೇಲೆ ಬಿಡಿ ಸರಕಿನ ಬಂದರಿಗೆ ಬರುವವರೇ ಇಲ್ಲ. ಆದರೆ ಮೊದಲ ಪಕ್ಷದ ಹಮಾಲಿಗಳಿಗೆ ಏನಾಯಿತು ಎಂಬ ಲೆಕ್ಕವನ್ನು ಗೆದ್ದವರು ಇಟ್ಟಂತೆ ಕಾಣುವುದಿಲ್ಲ.

ನಡುವಿನ ದಾರಿಗಳೂ ಇದ್ದವು. ಬ್ರಿಟನ್ನಿನಲ್ಲಿ 1968ರಿಂದ ಕಟ್ಟಿದ ಎಸ್‌ಡಿ-14 ಎಂಬ ಸುಮಾರು 14 ಸಾವಿರ ಟನ್ ಹೊರುವ ಸಾದಾ ಹಡಗು ಬಹಳಷ್ಟು ಬಡ ದೇಶಗಳಿಗೆ ಇಷ್ಟವಾಯಿತು. ತನ್ನ ಮೇಲೆಯೇ ಸರಕು ಎತ್ತುವ ಕ್ರೇನುಗಳನ್ನು ಹೊತ್ತ ಹಡಗದು. ಬಂದರಿನಲ್ಲಿ ಏನೂ ಇಲ್ಲದಿದ್ದರೂ ಚೀಲ, ಮರ, ಯಂತ್ರ, ಪೆಟ್ಟಿಗೆ ಯಾವುದನ್ನಾದರೂ ಇಳಿಸಬಲ್ಲದು. ಇನ್ನೊಂದು, 1969ರಲ್ಲಿ ಬಂದ ಲ್ಯಾಶ್ ಹಡಗು: ದೊಡ್ಡ ಹಡಗು ತನ್ನ ಒಡಲಲ್ಲಿ ಸರಕು ತುಂಬಿದ ದೋಣಿಗಳನ್ನೇ ಹೊತ್ತು ತಂದು ಆಳವಿಲ್ಲದ ಬಂದರುಗಳ ಮುಂದೆ ನೀರಿಗೆ ಬಿಡುತ್ತದೆ. ಹಳೆಯ ಮಂಗಳೂರಿನಂಥ ಅಳಿವೆ ಬಂದರುಗಳಿಗೆ ಹೇಳಿ ಮಾಡಿಸಿದಂತಿತ್ತು. ಆದರೆ ಹಡಗೂ ದುಬಾರಿ, ದೋಣಿಗಳೂ ದುಬಾರಿ, ದೋಣಿ ಎಲ್ಲೋ ಕಾಯುತ್ತ ಉಳಿದರೆ ಲೆಕ್ಕವೇ ಕೆಡುತ್ತದೆ. ಹೆಚ್ಚು ಕಾಲ ಬಾಳಲಿಲ್ಲ. ಎಸ್‌ಡಿ-14ರ ವಂಶ ಮಾತ್ರ, ಸ್ವಂತ ಕ್ರೇನಿರುವ ಸಣ್ಣ ಬಹುಪಯೋಗಿ ಹಡಗಿನ ರೂಪದಲ್ಲಿ, ಇನ್ನೂ ಓಡಾಡುತ್ತಿದೆ.

ಕಂಟೇನರಿನ ನಿಜವಾದ ಅನುಕೂಲ ಒಳನಾಡಿಗೆ ಎಂಬುದನ್ನು ಭಾರತ ಮೊದಲು ಪ್ರಯೋಗಿಸಿ ನೋಡಿದ್ದು ಕರ್ನಾಟಕದಲ್ಲಿ. 1981ರ ಆಗಸ್ಟಿನಲ್ಲಿ ದೇಶದ ಮೊದಲ ಒಳನಾಡು ಕಂಟೇನರ್ ಡಿಪೋ ಬೆಂಗಳೂರಿನಲ್ಲಿ ಆರಂಭವಾಯಿತು. ಕಸ್ಟಮ್ಸ್ ತಪಾಸಣೆ ಅಲ್ಲೇ ಮುಗಿಸಿ, ಬಾಗಿಲಿಗೆ ಸೀಲು ಹಾಕಿ, ರೈಲಿನಲ್ಲಿ ಮದರಾಸಿಗೆ ಕಳುಹಿಸಿದರೆ ಪೆಟ್ಟಿಗೆ ತೆರೆಯುವುದು ಕೊಂಡವನ ಊರಿನಲ್ಲಿ. ರೈಲ್ವೆಯ ಕಂಟೇನರ್ ಸಂಸ್ಥೆ ಕಾನ್‌ಕಾರ್ 1988ರಲ್ಲಿ ಹುಟ್ಟಿದ ಮೇಲೆ ಇದು ಅದರ ಕೈಗೆ ಬಂತು, ಮುಂದೆ ವೈಟ್‌ಫೀಲ್ಡ್ ಅದರ ದೊಡ್ಡ ನೆಲೆಯಾಯಿತು. ಸಮುದ್ರವಿಲ್ಲದ ನೇಪಾಳಕ್ಕೂ ಇದೇ ಉಪಾಯ ಒದಗಿತು: 2004ರಿಂದ ಬೀರಗಂಜಿನ ಒಣ ಬಂದರಿಗೆ ಕೋಲ್ಕತ್ತದಿಂದ ಪೆಟ್ಟಿಗೆಗಳು ರೈಲಿನಲ್ಲೇ ಬರತೊಡಗಿದವು.

ಪೆಟ್ಟಿಗೆ ಬಂದ ಮೇಲೆ ಹುಟ್ಟಿಕೊಂಡ ಬೆಳೆಯೊಂದು ಈ ಸೀಮೆಗೂ ಬಂದಿದೆ. ಮಿಡಿಸೌತೆಯನ್ನು ಇಲ್ಲಿ ಯಾರೂ ಸಾರಿಗೆ ಹಾಕುವುದಿಲ್ಲ. ಕಂಪನಿಯವರು ಬೀಜ ಕೊಟ್ಟು, ಗಾತ್ರ ನೋಡಿ ಕೊಳ್ಳುತ್ತಾರೆ. ಕಾಯನ್ನು ಉಪ್ಪುನೀರು, ವಿನೆಗರ್ ತುಂಬಿದ ಪ್ಲಾಸ್ಟಿಕ್ ಡ್ರಮ್ಮುಗಳಲ್ಲಿ ಮುಳುಗಿಸಿ, ಡ್ರಮ್ಮುಗಳನ್ನು ಪೆಟ್ಟಿಗೆಗೆ ಸೇರಿಸಿ ಯುರೋಪ್, ರಷ್ಯಾ, ಅಮೆರಿಕಗಳಿಗೆ ಕಳುಹಿಸುತ್ತಾರೆ. ದೇಶದ ಮಿಡಿಸೌತೆ ರಫ್ತಿನಲ್ಲಿ ಕರ್ನಾಟಕದ್ದೇ ಮೇಲುಗೈ. ದಿನಗಟ್ಟಲೆ ಹೊಲದಲ್ಲಿ ಬಾಗಿ ಬೆರಳುದ್ದದ ಕಾಯಿ ಕೀಳುವ ಹೆಣ್ಣಾಳುಗಳ ದುಡಿಮೆ, ಒಂದೆಕರೆ ಎರಡೆಕರೆ ಹಿಡುವಳಿ, ಕೆಡದ ಡ್ರಮ್ಮು, ಸೀಲಾದ ಪೆಟ್ಟಿಗೆ ಕೂಡಿ ಬಂದದ್ದರಿಂದ ಇದು ಸಾಧ್ಯವಾಯಿತು. ಬಿಡಿ ಚೀಲದ ಹಡಗಿನ ಕಾಲದಲ್ಲಿ ಇಂಥ ಬೆಳೆಯನ್ನು ಯಾರೂ ಯೋಚಿಸುತ್ತಲೂ ಇರಲಿಲ್ಲ. ಸಾಗಾಣಿಕೆಯ ತಂತ್ರ ಇರುವ ಸರಕನ್ನು ಒಯ್ಯುವುದಷ್ಟೇ ಅಲ್ಲ, ಹೊಲದಲ್ಲಿ ಏನು ಬಿತ್ತಬೇಕು ಎಂಬುದನ್ನೂ ಬದಲಿಸುತ್ತದೆ.

ಮೆಕ್ಕೆಜೋಳಕ್ಕೆ ಪೆಟ್ಟಿಗೆ ಅಷ್ಟು ಸುಲಭವಾಗಿ ಒಲಿಯುವುದಿಲ್ಲ. 20 ಅಡಿಯ ಪೆಟ್ಟಿಗೆಗೆ ಸುಮಾರು 25 ಟನ್ ಹಿಡಿಯುತ್ತದೆ. ಖಾಲಿ ಪೆಟ್ಟಿಗೆಯೇ ಎರಡು ಟನ್ನಿಗೆ ಮೇಲೆ ತೂಗುತ್ತದೆ. ದೊಡ್ಡ ಪ್ರಮಾಣದಲ್ಲಿ ಕಾಳು ಹೋಗುವುದು ಹಡಗಿನ ಒಡಲಿಗೇ ಸುರಿದು. ಆದರೆ 30 ಸಾವಿರ ಟನ್ನಿನ ಹಡಗು ತುಂಬಬೇಕಾದರೆ ಅಷ್ಟು ಕಾಳನ್ನು ಒಂದೇ ತೇವಾಂಶಕ್ಕೆ ಒಣಗಿಸಿ, ಬಂದರಿನ ಗೋದಾಮಿನಲ್ಲಿ ಒಟ್ಟುಗೂಡಿಸಬೇಕು. ಅದಕ್ಕೆ ದೊಡ್ಡ ವ್ಯಾಪಾರಿಯೇ ಬೇಕು. ಪೆಟ್ಟಿಗೆಯಾದರೆ ಒಂದು ರೈತ ಸಂಘವೂ ಒಂದನ್ನೋ ಎರಡನ್ನೋ ತುಂಬಿ ಕಳುಹಿಸಬಹುದು. ತೇವ ಉಳಿದ ಕಾಳನ್ನು ತುಂಬಿ ಬಾಗಿಲು ಮುಚ್ಚಿದರೆ ಮಾತ್ರ ದಾರಿಯಲ್ಲಿ ಬೂಷ್ಟು ಹಿಡಿದು ಕೊಂಡವನ ಬಂದರಿನಲ್ಲಿ ತಿರಸ್ಕಾರವಾಗುತ್ತದೆ. ಹೊನ್ನಾಳಿ ಕಡೆ ಮೆಕ್ಕೆಜೋಳವನ್ನು ರಸ್ತೆಯ ಅಂಚಿನಲ್ಲೇ ಒಣಹಾಕುವುದು ಈಗಲೂ ಕಾಣುತ್ತದೆ. ಇಂಥ ಕಡೆ ಕಡಲ ಸಾಗಾಣಿಕೆಗೆ ಹಾಕುವ ಮೊದಲ ದುಡ್ಡು ಒಣಗಿಸುವ ಕಣ, ತೇವಮಾಪಕ, ತೂಕದ ಸೇತುವೆಗೆ ಹೋಗಬೇಕು. ಕೇಳಲು ಇದು ಬಂದರಿನ ಕ್ರೇನಿನಷ್ಟು ಗತ್ತಿನದಲ್ಲ, ಉದ್ಘಾಟನೆಗೆ ಮಂತ್ರಿಗಳು ಬರಲಿಕ್ಕೂ ಇಲ್ಲ.

ಬೇಡಿಕೆಯ ದಿಕ್ಕೂ ಬದಲಾಗುತ್ತದೆ. 2012-13ರ ಹೊತ್ತಿಗೆ ಭಾರತದಿಂದ ವರ್ಷಕ್ಕೆ 40 ಲಕ್ಷ ಟನ್ನಿಗೂ ಹೆಚ್ಚು ಮೆಕ್ಕೆಜೋಳ ಹೊರಹೋಗುತ್ತಿತ್ತು. ಎಥನಾಲ್ ಬಂದ ಮೇಲೆ ಒಳಗಿನ ದರ ಏರಿ ರಫ್ತು ಕುಸಿಯಿತು, 2024ರಲ್ಲಿ ದೇಶ ಆಮದಿಗೂ ಕೈ ಹಾಕಿತು. ಮೆಕ್ಕೆಜೋಳಕ್ಕೆಂದೇ ಒಂದು ಬರ್ತು, ಒಂದು ಕನ್ವೇಯರ್ ಕಟ್ಟಿದ್ದರೆ ಅದು ಕುದುರೆಮುಖದ ಕೊಳವೆಯ ಜೊತೆ ಸೇರುತ್ತಿತ್ತು. ಪೆಟ್ಟಿಗೆ ಆ ಅಪಾಯದಿಂದ ಪಾರು: ಇವತ್ತು ಮೆಕ್ಕೆಜೋಳ, ನಾಳೆ ಕಾಫಿ. ಅದರ ಪೀಡೆ ಬೇರೆ. ಬಂದು ಹೋಗುವ ಸರಕು ಸರಿದೂಗದ ಕಡೆ ಖಾಲಿ ಪೆಟ್ಟಿಗೆ ಸಿಗುವುದೇ ಇಲ್ಲ, ಇಲ್ಲವೇ ಖಾಲಿಯನ್ನು ತರಿಸುವ ಬಾಡಿಗೆಯೂ ರಫ್ತುದಾರನ ತಲೆಗೆ. ಮಂಗಳೂರಿಗೆ ಈ ವಿಷಯದಲ್ಲಿ ಒಂದಿಷ್ಟು ಅದೃಷ್ಟವಿದೆ: ಆಫ್ರಿಕಾದಿಂದ ಹಸಿ ಗೋಡಂಬಿ ಬರುತ್ತದೆ, ಚಿಕ್ಕಮಗಳೂರು, ಕೊಡಗಿನ ಕಾಫಿ ಹೊರಹೋಗುತ್ತದೆ. ಸಾಸ್ವೆಹಳ್ಳಿಯ ಸುತ್ತಿನ ಹಳ್ಳಿಗಳು ಪೆಟ್ಟಿಗೆ ತುಂಬಿ ಕಳುಹಿಸಬಲ್ಲವು, ಪೆಟ್ಟಿಗೆ ತುಂಬ ತರಿಸಿಕೊಳ್ಳುವಂಥದ್ದು ಅವಕ್ಕೆ ಏನೂ ಇಲ್ಲ.

ಹಡಗಿನ ಗಾತ್ರದ ವಿಚಾರಕ್ಕೆ ಬಂದರೆ, ಈಗಿನ ಅತಿ ದೊಡ್ಡ ಕಂಟೇನರ್ ಹಡಗು 20 ಅಡಿಯ ಲೆಕ್ಕದಲ್ಲಿ 24 ಸಾವಿರ ಪೆಟ್ಟಿಗೆ ಹೊರುತ್ತದೆ. 400 ಮೀಟರ್ ಉದ್ದ. ಅದು ಪಣಂಬೂರಿನ ಒಳಗಡಲಿಗೆ ಬರುವ ಮಾತಿಲ್ಲ, ಬರುವ ಅಗತ್ಯವೂ ಇಲ್ಲ. ಇಲ್ಲಿಯ ಪೆಟ್ಟಿಗೆಗಳು ಸಣ್ಣ ಫೀಡರ್ ಹಡಗಿನಲ್ಲಿ ಕೊಲಂಬೊದಂಥ ದೊಡ್ಡ ಬಂದರಿಗೆ ಹೋಗಿ ಅಲ್ಲಿ ಹಡಗು ಬದಲಿಸುತ್ತವೆ. 2025ರ ಮೇನಲ್ಲಿ ಅಧಿಕೃತವಾಗಿ ಉದ್ಘಾಟನೆಯಾದ ಕೇರಳದ ವಿಳಿಂಜಂ ಬಂದರು ಆ ಕೆಲಸವನ್ನು ದೇಶದೊಳಗೇ ಉಳಿಸಿಕೊಳ್ಳುವ ಯತ್ನ. ದೊಡ್ಡ ಹಡಗಿನ ಅಗ್ಗದ ದರ ಹೆದ್ದಾರಿಯ ಎರಡು ತುದಿಗಳಲ್ಲಿರುವವರಿಗೆ ಸಿಗುತ್ತದೆ. ಕವಲುದಾರಿಯವರಿಗೆ ಫೀಡರಿನ ಬಾಡಿಗೆಯೂ ಸೇರಿ ಅದರ ಅರ್ಧ ಕರಗಿರುತ್ತದೆ. ದರ ನಿಗದಿ ಮಾಡುವ ಹಡಗು ಕಂಪನಿಗಳ ಕೂಟಗಳನ್ನು ಕಟ್ಟುಪಾಡಿಗೆ ತರಲು ವಿಶ್ವಸಂಸ್ಥೆಯ ಅಂಕ್ಟಾಡ್ ಮೂಲಕ 1974ರಲ್ಲಿ ಒಂದು ಒಪ್ಪಂದವಾಯಿತು. ಎರಡು ದೇಶಗಳ ನಡುವಿನ ಸರಕಿನಲ್ಲಿ ತಲಾ ನೂರಕ್ಕೆ 40 ಆಯಾ ದೇಶಗಳ ಹಡಗುಗಳಿಗೆ, ಉಳಿದ 20 ಮೂರನೆಯವರಿಗೆ ಎಂಬ ಹಂಚಿಕೆ. ಅದು ಜಾರಿಗೆ ಬಂದ 1983ರ ಹೊತ್ತಿಗೆ ಪೆಟ್ಟಿಗೆಯ ಹಡಗುಗಳು ಆಟದ ನಿಯಮವನ್ನೇ ಬದಲಿಸಿಬಿಟ್ಟಿದ್ದವು. ದೊಡ್ಡ ಬಂದರುಗಳ ನಡುವೆ ಓಡುವ ಹಡಗಿನ ಮೇಲಿನ ಸರಕು ಯಾವ ಎರಡು ದೇಶಗಳದ್ದು ಎಂದು ಬೇರ್ಪಡಿಸುವುದೇ ಕಷ್ಟವಾಯಿತು.

ಪೆಟ್ಟಿಗೆಯೂ ಅಲ್ಲದ, ಬಿಡಿಯೂ ಅಲ್ಲದ ಮೂರನೆಯ ಉಪಾಯವನ್ನು ನೋಡಲು ಪಣಂಬೂರಿನ ಪಕ್ಕದ ಸುರತ್ಕಲ್ ನಿಲ್ದಾಣಕ್ಕೆ ಹೋಗಬೇಕು. ಕೊಂಕಣ ರೈಲ್ವೆ 1999ರ ಜನವರಿ 26ರಂದು ಮಹಾರಾಷ್ಟ್ರದ ಕೋಲಾಡ್ ಮತ್ತು ಗೋವೆಯ ವೆರ್ಣಾ ನಡುವೆ ರೋ-ರೋ ಆರಂಭಿಸಿತು, 2004ರಲ್ಲಿ ಅದು ಸುರತ್ಕಲ್‌ವರೆಗೆ ಬಂತು. ಹೊರೆ ತುಂಬಿದ ಲಾರಿಯೇ ಚಪ್ಪಟೆ ವ್ಯಾಗನ್ನಿನ ಮೇಲೆ ಏರಿ ನಿಲ್ಲುತ್ತದೆ, ಡ್ರೈವರ್ ಕ್ಲೀನರ್ ಅದರಲ್ಲೇ ಕೂತಿರುತ್ತಾರೆ, ಕೋಲಾಡಿನಲ್ಲಿ ಇಳಿದು ಮುಂದೆ ರಸ್ತೆ ಹಿಡಿಯುತ್ತಾರೆ. ಕ್ರೇನು ಬೇಡ, ಒಂದು ಇಳಿಜಾರು ಕಟ್ಟೆ ಸಾಕು. ಹಡಗಿನ ಲೋಕದಲ್ಲಿ ಫಿಲಿಪೀನ್ಸ್, ಇಂಡೋನೇಷ್ಯಾದಂಥ ದ್ವೀಪ ದೇಶಗಳು ಇದೇ ತಂತ್ರದಿಂದ ದೇಶದೊಳಗಿನ ಸರಕು ಸಾಗಿಸುತ್ತವೆ. ಲಾರಿಯ ಸ್ವಂತ ತೂಕವನ್ನೂ ಹೊತ್ತೊಯ್ಯಬೇಕಾದ್ದರಿಂದ ದೂರದ ದಾರಿಗೆ ಇದು ವ್ಯರ್ಥ. ಹತ್ತಿರದ ದಾರಿಗೆ, ಸಣ್ಣ ಮಾಲೀಕನ ಒಂದೇ ಒಂದು ಲಾರಿಗೆ, ಇದಕ್ಕಿಂತ ಹಿತವಾದದ್ದು ಇನ್ನೊಂದಿಲ್ಲ.

ಇಷ್ಟೆಲ್ಲದರ ನಡುವೆ ಹಳೆಯ ಬಂದರಿನ ಧಕ್ಕೆಯಲ್ಲಿ ಮಂಜಿಗಳು ಇನ್ನೂ ತುಂಬುತ್ತಿವೆ. ಮರದ ಒಡಲು, ಹಾಯಿಯ ಜಾಗಕ್ಕೆ ಡೀಸೆಲ್ ಎಂಜಿನ್. ಜಲ್ಲಿ, ಮರಳು, ಸಿಮೆಂಟು, ತರಕಾರಿ, ಕಿರಾಣಿ ಸಾಮಾನು ಹೊತ್ತು ಲಕ್ಷದ್ವೀಪಕ್ಕೆ ಹೋಗುತ್ತವೆ. ಹಲಗೆಯ ಮೇಲೆ ನಡೆದು ತಲೆಹೊರೆಯಲ್ಲಿ ತುಂಬುವುದು ಇಲ್ಲಿ ತಪ್ಪಿಲ್ಲ. ಹಿಂದುಳಿದ ತಂತ್ರ ಎಂದು ಇದನ್ನು ತಳ್ಳಿಹಾಕುವುದು ಸುಲಭ. ಆದರೆ ಆ ದ್ವೀಪಗಳ ಹವಳದ ಲಗೂನಿಗೆ ಒಳಬರಬಲ್ಲ, ಒಂದು ಊರಿನ ಒಂದು ವಾರದ ಸಾಮಾನಿಗೆ ಹೊಂದುವ ಹಡಗು ಇಷ್ಟೇ ಗಾತ್ರದ್ದು. ಮಳೆಗಾಲದ ತಿಂಗಳುಗಳಲ್ಲಿ ಮಂಜಿ ಹೊರಡುವಂತಿಲ್ಲ. ಅಷ್ಟು ದಿನದ ದಾಸ್ತಾನನ್ನು ದ್ವೀಪದವರು ಮೇ ಒಳಗೆ ತರಿಸಿಡಬೇಕು. ಮರಳುವಾಗ ತೆಂಗಿನಕಾಯಿ, ಕೊಬ್ಬರಿ, ಒಣಗಿಸಿದ ಸೂರೆ ಮೀನು ಬರುತ್ತವೆ, ಹೋದಷ್ಟು ತೂಕದ್ದಲ್ಲ.

ಇನ್ನು ಹಡಗಿನ ಇಂಧನದ ಪ್ರಶ್ನೆ. ಅಂತರರಾಷ್ಟ್ರೀಯ ಕಡಲ ಸಂಸ್ಥೆ 2023ರ ಜುಲೈನಲ್ಲಿ ಶತಮಾನದ ಮಧ್ಯದ ಹೊತ್ತಿಗೆ ಹಡಗುಗಳ ಹಸಿರುಮನೆ ಅನಿಲವನ್ನು ನಿವ್ವಳ ಶೂನ್ಯಕ್ಕೆ ಇಳಿಸುವ ಗುರಿ ಹಾಕಿಕೊಂಡಿದೆ. ಇಂಗಾಲದ ಮೇಲೆ ದರ ಹೇರುವ ನಿಯಮವನ್ನು ಅಂಗೀಕರಿಸಬೇಕಿದ್ದ 2025ರ ಅಕ್ಟೋಬರ್ ಸಭೆ ಅದನ್ನು ಒಂದು ವರ್ಷ ಮುಂದಕ್ಕೆ ಹಾಕಿತು. ಹಡಗಿನ ವಾರ್ಷಿಕ ಇಂಗಾಲದ ಅಂಕ ಕೊಡುವ ಈಗಿನ ನಿಯಮ 5,000 ಟನ್ ಒಟ್ಟು ಗಾತ್ರಕ್ಕಿಂತ ಕೆಳಗಿನವಕ್ಕೆ ಅನ್ವಯಿಸುವುದಿಲ್ಲ. ಮಂಜಿಗಳು ಅದರ ಹತ್ತಿರಕ್ಕೂ ಬರುವುದಿಲ್ಲ. ಆದರೆ ಅವುಗಳ ಖರ್ಚಿನಲ್ಲಿ ದೊಡ್ಡ ಪಾಲು ಡೀಸೆಲ್ಲಿನದೇ. ಇಂಥದೇ ಕಷ್ಟದಲ್ಲಿರುವ ಶಾಂತಸಾಗರದ ಮಾರ್ಷಲ್ ದ್ವೀಪಗಳಿಗೆ 2024ರಲ್ಲಿ ಹಾಯಿಯಿಂದಲೂ ಎಂಜಿನ್ನಿನಿಂದಲೂ ಓಡುವ ಸುಮಾರು 48 ಮೀಟರ್ ಉದ್ದದ ಸರಕು ಹಡಗೊಂದು ಜರ್ಮನಿಯ ನೆರವಿನಿಂದ ಬಂದಿದೆ, ಅದರ ಮೇಲೆಯೇ ಅಲ್ಲಿಯ ನಾವಿಕರಿಗೆ ಹಾಯಿ ನಡೆಸುವ ತರಬೇತಿಯೂ ನಡೆಯಬೇಕೆಂಬ ಯೋಜನೆಯಿದೆ. ಮಂಗಳೂರಿನ ಮಂಜಿಗಳಿಗೂ ಮೊದಲು ಹಾಯಿಯೇ ಇತ್ತು. ಸೆಪ್ಟೆಂಬರ್ ಕಳೆದ ಮೇಲೆ ಬೀಸುವ ಗಾಳಿಯನ್ನು ಲೆಕ್ಕಕ್ಕೆ ಹಿಡಿದು, ಎಂಜಿನ್ ಉಳಿಸಿಕೊಂಡೇ ಒಂದು ಹಾಯಿ ಏರಿಸಿದರೆ ಡೀಸೆಲ್ ಎಷ್ಟು ಉಳಿಯುತ್ತದೆ ಎಂಬುದನ್ನು ಮಂಗಳೂರು–ಕವರತ್ತಿ ದಾರಿಯಲ್ಲಿ ಅಳೆದು ನೋಡಲು ದೊಡ್ಡ ಬಂಡವಾಳವೇನೂ ಬೇಕಾಗದು.